ಶಾಲು ಯಾರ ಹೆಗಲಿಗೆ?



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ ನಮ್ಮ ರಾಯಚೂರು, ಮಾನ್ವಿ, ದೇವದುರ್ಗದ ಕಡೆ ಸನ್ಮಾನ ಸಮಾರಂಭಗಳು ಹೆಚ್ಚು. ಶಾಲೆಯ ವಾರ್ಷಿಕೋತ್ಸವ, ಸಹಕಾರ ಸಂಘದ ಸಭೆ, ಜಾತ್ರೆ, ದೇವಾಲಯದ ಹಬ್ಬ, ಯಾವುದೇ ಇರಲಿ, ವೇದಿಕೆಯ ಮೇಲೆ ಒಬ್ಬ 'ಪ್ರಗತಿಪರ ರೈತ'ರನ್ನು ಕೂರಿಸಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸುವ ರೂಢಿ ಬೆಳೆದಿದೆ. ಒಳ್ಳೆಯ ರೂಢಿ. ಒಂದು ಕಾಲದಲ್ಲಿ ಶಾಲು ಹಾರಗಳೆಲ್ಲ ರಾಜಕಾರಣಿಗೆ, ಅಧಿಕಾರಿಗೆ, ಹೆಚ್ಚೆಂದರೆ ನಮ್ಮಂತಹ ಗುರುಗಳಿಗೆ ಮೀಸಲಾಗಿದ್ದವು. ಅನ್ನ ಬೆಳೆಯುವವನ ಕೊರಳಿಗೂ ಒಂದು ಹಾರ ಬಿತ್ತೆಂದರೆ ಸಂತೋಷಪಡಬೇಕಾದದ್ದೇ.

ಆದರೆ ಈ ಸಂತೋಷದ ನಡುವೆ ಒಂದು ಪ್ರಶ್ನೆ ಏಳುತ್ತದೆ. ಒಂದು ಊರಿನ ಬೇಸಾಯಕ್ಕೆ ದುಡಿದವರನ್ನು ಗುರುತಿಸಿ ಗೌರವಿಸುವುದು ಸೌಜನ್ಯದ ವಿಷಯವೋ, ನ್ಯಾಯದ ವಿಷಯವೋ? ಸೌಜನ್ಯ ಎನ್ನುವುದಾದರೆ ಬಿಟ್ಟುಹೋದವರು ದೂರುವಂತಿಲ್ಲ. ಮದುವೆಗೆ ಕರೆಯಲಿಲ್ಲವೆಂದು ಯಾರೂ ಕಚೇರಿಗೆ ಅರ್ಜಿ ಹಾಕುವುದಿಲ್ಲ. ನ್ಯಾಯ ಎನ್ನುವುದಾದರೆ ಬಿಟ್ಟುಹೋದವರಿಗೆಲ್ಲ ನಾವು ಸಾಲಗಾರರು. ಇದು ಬರಿಯ ಮಾತಿನ ವ್ಯತ್ಯಾಸವಲ್ಲ. ನಮ್ಮ ಹೊಲಗಳಲ್ಲಿ ದುಡಿಯುವ ಬಹುಪಾಲು ಜನ ಇಂದಿಗೂ ಯಾವ ವೇದಿಕೆಯನ್ನೂ ಹತ್ತಿಲ್ಲ. ಹಾಗಾಗಿ ಉತ್ತರ ಯಾವುದು ಎಂಬುದು ಅವರಿಗೆ ಮುಖ್ಯ.

ಮೊದಲು ನಮ್ಮ ಜಿಲ್ಲೆಯಲ್ಲಿ ಗೌರವಿಸುವ ಕ್ರಮ ಹೇಗಿದೆ ನೋಡೋಣ. ಕೃಷಿ ಇಲಾಖೆ ಬೆಳೆ ಸ್ಪರ್ಧೆ ನಡೆಸುತ್ತದೆ. ಹೊಲದಲ್ಲಿ ಗೊತ್ತಾದ ಅಳತೆಯ ಜಾಗವನ್ನು ಗುರುತು ಮಾಡಿ, ಅಲ್ಲಿಯ ಬೆಳೆ ಕೊಯ್ದು ತೂಗಿ, ಹೆಚ್ಚು ಇಳುವರಿ ತೆಗೆದವರಿಗೆ ಬಹುಮಾನ ಕೊಡುತ್ತದೆ. 2009ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಕೃಷಿ ಮೇಳ ನಡೆಸುತ್ತದೆ, ಸಾಧಕ ರೈತರನ್ನು ಕರೆದು ಗೌರವಿಸುತ್ತದೆ. ಹಿಂದೆ ಮಾನ್ವಿ ತಾಲ್ಲೂಕಿನಲ್ಲಿದ್ದು ಈಗ ಸಿರವಾರ ತಾಲ್ಲೂಕಿಗೆ ಸೇರಿರುವ ಕವಿತಾಳದ ಕವಿತಾ ಮಿಶ್ರಾ ಅವರ ಹೆಸರನ್ನು ನೀವು ಕೇಳಿರಬಹುದು. ಕಂಪ್ಯೂಟರ್ ಓದಿದ ಹೆಣ್ಣುಮಗಳೊಬ್ಬರು ನೌಕರಿಗೆ ಹೋಗದೆ, ಬಿಸಿಲ ನಾಡಿನ ಒಣ ನೆಲದಲ್ಲಿ ಶ್ರೀಗಂಧದ ಜೊತೆಗೆ ಹಲವು ಬಗೆಯ ಹಣ್ಣಿನ ಗಿಡಗಳನ್ನು ಬೆಳೆಸಿ ತೋರಿಸಿದ್ದು ರಾಜ್ಯದಲ್ಲೆಲ್ಲ ಮಾತಾಯಿತು. 'ರೈತ' ಎಂದ ಕೂಡಲೇ ಗಂಡಸಿನ ಚಿತ್ರ ಕಣ್ಣ ಮುಂದೆ ಬರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇಂಥವರಿಗೆ ಸಂದ ಗೌರವದಲ್ಲಿ ಒಂದು ಎಳೆಯನ್ನೂ ಕಿತ್ತುಕೊಳ್ಳುವ ಆಸೆ ನನಗಿಲ್ಲ.

ನನ್ನ ಯೋಚನೆ ಬೇರೆ ಕಡೆಯದು. ಕಟಾವು ಮಾಡಿ ತೂಗಿದ ಆ ಚೀಲದಲ್ಲಿ ಯಾರಾರ ದುಡಿಮೆ ಇದೆ?

ದೇವದುರ್ಗದ ಎರೆಹೊಲದ ಒಂದು ಎಕರೆ ಹತ್ತಿಯನ್ನು ತೆಗೆದುಕೊಳ್ಳಿ. ಬೀಜ ಊರುವವರು ಹೆಂಗಸರು. ಕಸ ತೆಗೆಯುವವರು ಹೆಂಗಸರು. ಮಳೆ ಹಿಡಿದರೆ ಒಂದೇ ಬೆಳೆಗೆ ಎರಡು ಮೂರು ಸಲ ತೆಗೆಯಬೇಕು. ಎಣ್ಣೆ ಹೊಡೆಯುವ ಗಂಡಸು ಬಾಯಿಗೊಂದು ಟವೆಲ್ ಸುತ್ತಿಕೊಂಡು ಬೆನ್ನ ಮೇಲೆ ಪಂಪು ಹೊತ್ತು ಸಾಲು ಸಾಲು ನಡೆಯುತ್ತಾನೆ. ಹತ್ತಿ ಬಿಡಿಸುವಾಗ ಒಣಗಿದ ಕಾಯಿಯ ಚೂಪು ತುದಿ ಬೆರಳ ಸಂದಿಯನ್ನು ಗೀರುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿ, ಹತ್ತಿಯೋ ಹಗುರ. ಹತ್ತಿ ರಾಯಚೂರಿನ ಗಂಜ್ ಸೇರಿದ ಮೇಲೆ ಅಲ್ಲಿ ಹಮಾಲರ ಬೆನ್ನು ಕಾದಿರುತ್ತದೆ. ಮಾನ್ವಿ ಕಡೆಯ ನೆಲ್ಲಿನ ಗದ್ದೆಗೆ ಬನ್ನಿ. ಅಗೆ ಕಿತ್ತು, ಕೆಸರಲ್ಲಿ ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪು ಎಕರೆಗೆ ಇಷ್ಟೆಂದು ಮಾತಾಡಿಕೊಂಡು ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ ನಮ್ಮದು. ಮೇಲಿನವರು ಕುಡಿದು ಉಳಿದರೆ ಕೆಳಗಿನವರಿಗೆ ನೀರು. ಆ ನೀರನ್ನು ರಾತ್ರಿ ಹೊತ್ತು ತೂಬಿನಿಂದ ತೂಬಿಗೆ ಕಾಯುತ್ತಾ, ಎರಡೂ ಕಡೆಯವರ ಬೈಗಳು ತಿನ್ನುತ್ತಾ, ಹಾವು ಚೇಳು ತುಳಿಯದಂತೆ ಟಾರ್ಚು ಹಿಡಿದು ಓಡಾಡುವ ಗ್ಯಾಂಗ್‌ಮನ್ ಒಬ್ಬನಿರುತ್ತಾನೆ. ಬೆಳೆ ಬಂದರೆ 'ಯಜಮಾನರು ಭಾರಿ ಬೆಳೆದರು' ಎನ್ನುತ್ತಾರೆ. ನೀರು ಬರದಿದ್ದರೆ ಮಾತ್ರ ಗ್ಯಾಂಗ್‌ಮನ್ ಹೆಸರು ಎಲ್ಲರ ಬಾಯಿಗೆ ಬರುತ್ತದೆ!

ಇನ್ನು ಹೊಲ ಲೀಜಿಗೆ ಹಿಡಿದವರು, ಪಾಲಿಗೆ ಮಾಡುವವರು. ಬೀಜ ಗೊಬ್ಬರಕ್ಕೆ ಸಾಲ ಅವರದು, ನಷ್ಟವಾದರೆ ನಿದ್ದೆ ಕೆಡುವುದೂ ಅವರದೇ. ಪಹಣಿಯಲ್ಲಿ ಹೆಸರು ಮಾತ್ರ ಬೇರೆಯವರದು. ಸರ್ಕಾರದ ಬೆಳೆ ಪರಿಹಾರ ಸಾಮಾನ್ಯವಾಗಿ ಪಹಣಿಯ ಜಾಡು ಹಿಡಿದು ಹೋಗುತ್ತದೆ, ಸನ್ಮಾನವೂ ಅದೇ ಜಾಡು ಹಿಡಿಯುತ್ತದೆ.

'ಹಾಗಾದರೆ ರೈತ ಎಂದರೆ ಯಾರು?' ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ನಮ್ಮ ದೇಶ ಎರಡು ಉತ್ತರ ಕೊಟ್ಟಿದೆ. ಡಾ. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗದ ಕೆಲಸದಿಂದ ಮೂಡಿಬಂದ 2007ರ ರಾಷ್ಟ್ರೀಯ ರೈತ ನೀತಿಯು 'ರೈತ' ಎಂಬ ಪದದೊಳಗೆ ಭೂಮಾಲೀಕನನ್ನಷ್ಟೇ ಅಲ್ಲ, ಕೃಷಿ ಕೂಲಿಯವನನ್ನು, ಗೇಣಿದಾರನನ್ನು, ಪಾಲುಗಾರನನ್ನು, ಕುರಿ ದನ ಸಾಕುವವನನ್ನು, ಮೀನುಗಾರನನ್ನು, ಜೇನು ಸಾಕುವವನನ್ನೂ ಸೇರಿಸಿತು. ಕೃಷಿಯಿಂದ ಬದುಕುವವರೆಲ್ಲ ರೈತರು ಎಂಬುದು ಅದರ ಭಾವ. ಓದಲು ಎಷ್ಟು ಚೆನ್ನಾಗಿದೆ! ಆದರೆ 2019ರಲ್ಲಿ ರೈತ ಕುಟುಂಬಗಳಿಗೆ ವರ್ಷಕ್ಕೆ 6,000 ರೂಪಾಯಿ ಕೊಡುವ ಪಿ.ಎಂ. ಕಿಸಾನ್ ಯೋಜನೆ ಬಂದಾಗ ಅದು ಭೂಮಿ ಇರುವ ಕುಟುಂಬಗಳಿಗೆ ಎಂದು ಗೊತ್ತಾಯಿತು. ಕಾಗದದ ಮೇಲಿನ ರೈತ ಬೇರೆ, ಖಾತೆಗೆ ಹಣ ಬೀಳುವ ರೈತ ಬೇರೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಸ್ವಂತಕ್ಕೋ ಗೇಣಿಗೋ ಸಾಗುವಳಿ ಮಾಡುವವರು ಸುಮಾರು 11.9 ಕೋಟಿ, ಕೃಷಿ ಕೂಲಿಕಾರರು ಸುಮಾರು 14.4 ಕೋಟಿ. ಅಂದರೆ ಬೇಸಾಯವನ್ನು ಹೊತ್ತಿರುವ ಹೆಗಲುಗಳಲ್ಲಿ ಹೆಚ್ಚಿನವು ಕೂಲಿಯವರವು.

ಈಗ ನಾವು ಕೇಳಿದ ಪ್ರಶ್ನೆಗೆ ಬರೋಣ. ಗೌರವ ಎಂದರೇನು ಎಂಬುದನ್ನು ಹಿಂದಿನವರು ಸಾಕಷ್ಟು ಯೋಚಿಸಿದ್ದಾರೆ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದಲ್ಲೇ ಒಂದು ಸೂಕ್ಷ್ಮವನ್ನು ಗಮನಿಸಿದ: ಗೌರವ ಎಂಬುದು ಪಡೆಯುವವನಿಗಿಂತ ಕೊಡುವವನ ಕೈಯಲ್ಲಿರುವ ವಸ್ತು. ಆದ್ದರಿಂದ ಅದನ್ನು ಬದುಕಿನ ಗುರಿ ಮಾಡಿಕೊಂಡವನು ಇತರರ ಹಂಗಿಗೆ ಬೀಳುತ್ತಾನೆ. ಈ ಮಾತನ್ನು ಸೆಮಿನರಿಯಲ್ಲಿ ಓದುವಾಗ ಗೌರವ ಬಯಸುವವನಿಗೆ ಕೊಟ್ಟ ಎಚ್ಚರಿಕೆ ಎಂದಷ್ಟೇ ಕಾಣುತ್ತದೆ. ಕೊಡುವವನಿಗೂ ಅದರಲ್ಲಿ ಎಚ್ಚರಿಕೆ ಇದೆ. ನಾವು ಯಾರಿಗೆ ಶಾಲು ಹೊದಿಸುತ್ತೇವೆ ಎಂಬುದು ಅವರ ವಿಷಯದಲ್ಲಿ ಹೇಳುವುದಕ್ಕಿಂತ ನಮ್ಮ ವಿಷಯದಲ್ಲಿ ಹೆಚ್ಚು ಹೇಳುತ್ತದೆ.

ಸಂತ ಥಾಮಸ್ ಅಕ್ವಿನಾಸರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಕಾರ ಗೌರವ ಎಂದರೆ ಒಬ್ಬ ವ್ಯಕ್ತಿಯಲ್ಲಿರುವ ಹಿರಿಮೆಗೆ ನಾವು ನುಡಿಯುವ ಸಾಕ್ಷ್ಯ. ಸಾಕ್ಷ್ಯ ಎಂಬ ಈ ಪದವನ್ನು ಹಿಡಿದುಕೊಳ್ಳಿ. ಸಾಕ್ಷ್ಯವಾದ ಮೇಲೆ ಅದು ಸತ್ಯವಾಗಿರಬೇಕು. 'ಈ ಊರಿನ ಬೆಳೆಗೆ ಕಾರಣರಾದವರು ಇವರು' ಎಂದು ನಾಲ್ಕು ಜನರ ಮುಂದೆ ಮೈಕಿನಲ್ಲಿ ಹೇಳಿದರೆ ಅದು ಹೇಳಿಕೆ; ಹೇಳಿಕೆ ನಿಜವೂ ಆಗಬಹುದು, ಸುಳ್ಳೂ ಆಗಬಹುದು, ಅರ್ಧ ನಿಜವೂ ಆಗಬಹುದು. ಸುಳ್ಳು ಸಾಕ್ಷಿ ಹೇಳಬೇಡ ಎಂಬ ಎಂಟನೆಯ ಆಜ್ಞೆಯನ್ನು ನಾವು ಕೋರ್ಟು ಕಚೇರಿಗೆ ಮಾತ್ರ ಅನ್ವಯಿಸಿಕೊಂಡಿದ್ದೇವೆ. ಸನ್ಮಾನದ ವೇದಿಕೆಗೆ ಅದು ಅನ್ವಯಿಸುವುದಿಲ್ಲ ಎಂದು ಯಾರು ಹೇಳಿದರು? ಅದೇ ಅಕ್ವಿನಾಸರು, ಶ್ರೀಮಂತನನ್ನು ಅವನ ಶ್ರೀಮಂತಿಕೆಯ ಕಾರಣಕ್ಕಷ್ಟೇ ಗೌರವಿಸುವುದು ಮುಖ ನೋಡಿ ಮಣೆ ಹಾಕುವ ಪಾಪ ಎಂದೂ ತೀರ್ಮಾನಿಸುತ್ತಾರೆ. ಹಾಗೆ ಹೇಳುವಾಗ ಅವರ ಮನಸ್ಸಿನಲ್ಲಿದ್ದದ್ದು ಸಂತ ಯಕೋಬರ ಪತ್ರದ ಎರಡನೆಯ ಅಧ್ಯಾಯ: ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲಬಳಿ ಜಾಗ. ನಮ್ಮ ಸಮಾರಂಭಗಳಲ್ಲಿ ದೇಣಿಗೆ ಹೆಚ್ಚು ಕೊಟ್ಟವರಿಗೆ ಶಾಲು ಮೊದಲು ಬರುವುದನ್ನು ನಾನು ಹೇಳಬೇಕಾಗಿಲ್ಲ, ನೀವೇ ನೋಡಿದ್ದೀರಿ.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ಗುರುತಿಸುವುದು ನ್ಯಾಯದ ವಿಷಯ, ಏಕೆಂದರೆ ಅದು ಸತ್ಯದ ವಿಷಯ. ಉತ್ತಿದವರು, ಬಿತ್ತಿದವರು, ಕಳೆ ಕಿತ್ತವರು ಯಾರೆಂಬುದು ಒಂದು ನಡೆದ ಸಂಗತಿ. ನಡೆದದ್ದನ್ನು ನಡೆದಂತೆ ಹೇಳುವುದು ದಾನವಲ್ಲ.

ಹಿಂದಿನ ಕಾಲದಲ್ಲಿ ಇದು ಇತ್ತಲ್ಲ ಎಂದು ಹಿರಿಯರು ಹೇಳಬಹುದು. ಇತ್ತು. ಕಣದಲ್ಲಿ ರಾಶಿ ಆದಾಗ ಆಯಗಾರರಿಗೆ ಆಯ ಅಳೆಯದೆ ರಾಶಿ ಮನೆಗೆ ಹೋಗುತ್ತಿರಲಿಲ್ಲ. ಕೂರಿಗೆ ಕುಂಟೆ ಮಾಡಿಕೊಟ್ಟ ಬಡಿಗನಿಗೆ, ಕುಡಗೋಲು ತಟ್ಟಿಕೊಟ್ಟ ಕಮ್ಮಾರನಿಗೆ, ಮಿಣಿ ಬಾರುಕೋಲು ಹೆಣೆದುಕೊಟ್ಟ ಮಾದಿಗನಿಗೆ, ತಳವಾರನಿಗೆ, ಅಗಸನಿಗೆ ಎಲ್ಲರಿಗೂ ಪಾಲು. ಅದು ಭಿಕ್ಷೆ ಅಲ್ಲ, ಹಕ್ಕು. ಇಂದಿನ ಯಾವ ಬೆಳೆ ಸ್ಪರ್ಧೆಗಿಂತಲೂ ಆ ಕಣದ ಲೆಕ್ಕ ಹೆಚ್ಚು ಸತ್ಯವಾಗಿತ್ತು. ಒಂದು ರಾಶಿಯ ಹಿಂದೆ ಎಷ್ಟು ಕೈಗಳಿವೆ ಎಂದು ಅದಕ್ಕೆ ಗೊತ್ತಿತ್ತು.

ಆದರೆ ಆ ಕಣವನ್ನು ಹಾಡಿ ಹೊಗಳುವವರು ಇನ್ನೊಂದು ಮಾತನ್ನು ಮರೆಯುತ್ತಾರೆ. ಮಿಣಿ ಹೆಣೆದವನು ಕಣದ ಅಂಚಿನಲ್ಲಿ ನಿಲ್ಲಬೇಕಿತ್ತು. ಅವನು ಮಾಡಿದ ಮಿಣಿ ಎತ್ತಿನ ಕೊರಳಿಗೆ ಸೇರುತ್ತಿತ್ತು, ಅವನು ಮಾತ್ರ ರಾಶಿಯನ್ನು ಮುಟ್ಟುವಂತಿರಲಿಲ್ಲ. ಅವನ ಮಕ್ಕಳಿಗೆ ಊರ ಬಾವಿಯ ನೀರಿಲ್ಲ. ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಅದಕ್ಕೆ ಹೋಳಿಗೆ ತಿನ್ನಿಸುವುದನ್ನು ಕಂಡಿದ್ದೇವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಹೊತ್ತೊಯ್ದು, ಚರಗ ಚೆಲ್ಲಿ, ಭೂತಾಯಿಗೆ ಉಣಿಸುತ್ತೇವೆ. ಸುಂದರವಾದ ಆಚರಣೆಗಳು, ಎತ್ತಿಗೂ ಮಣ್ಣಿಗೂ ಕೃತಜ್ಞತೆ ತೋರುವ ಜನ ನಾವು. ಆ ಎತ್ತಿನ ಹಿಂದೆ ನಡೆದ ಜೀತದಾಳಿಗೆ ಆ ದಿನ ಯಾವ ತಟ್ಟೆಯಲ್ಲಿ ಊಟ ಬಡಿಸಿದರು, ಎಲ್ಲಿ ಕೂರಿಸಿದರು? ಜೀತ ಪದ್ಧತಿ ರದ್ದತಿಯ ಕಾನೂನು 1976ರಲ್ಲಿ ಬಂತು. ತಟ್ಟೆಯ ವಿಷಯಕ್ಕೆ ಪೂರ್ತಿ ಉತ್ತರ ಇನ್ನೂ ಬಂದಿಲ್ಲ.

ಇದರಿಂದ ಗೊತ್ತಾಗುವುದೇನೆಂದರೆ, ಕೆಲಸವನ್ನು ಗುರುತಿಸಿ ಕೆಲಸ ಮಾಡಿದವರನ್ನು ಗುರುತಿಸದೆ ಇರುವುದು ಸಾಧ್ಯ. ಹಳೆಯ ಕಣ ಮಾಡಿದ್ದು ಅದನ್ನೇ. ಜಗದ್ಗುರು ದ್ವಿತೀಯ ಜಾನ್ ಪೌಲರು 1981ರ ತಮ್ಮ 'ಲಬೋರೆಮ್ ಎಕ್ಸೆರ್ಸೆನ್ಸ್' ಎಂಬ ವಿಶ್ವಪತ್ರದಲ್ಲಿ ದುಡಿಮೆಯ ಬೆಲೆಗೆ ಆಧಾರ ಯಾವುದು ಎಂದು ಕೇಳಿ, ಮಾಡಿದ ಕೆಲಸದ ಬಗೆಯಲ್ಲ, ಅದನ್ನು ಮಾಡುವವನು ಒಬ್ಬ ಮನುಷ್ಯ ಎಂಬುದೇ ಮೊದಲ ಆಧಾರ ಎಂದು ಉತ್ತರಿಸಿದರು. ಬೇರೆಯವರ ಭೂಮಿಯಲ್ಲಿ ದುಡಿಯುತ್ತಾ, ಒಂದು ತುಂಡು ನೆಲವೂ ತಮ್ಮದಾಗುವ ಆಸೆಯಿಲ್ಲದೆ ಇರುವವರ ಪಾಡನ್ನೂ ಅದೇ ಪತ್ರದಲ್ಲಿ ಅವರು ಎತ್ತಿ ಹೇಳಿದ್ದಾರೆ. ಇದನ್ನು ಓದುವಾಗ ಪೋಲೆಂಡಿನಲ್ಲಿ ಹುಟ್ಟಿದವರು ನಮ್ಮ ಎರೆಹೊಲಗಳನ್ನು ನೋಡಿ ಬರೆದಂತಿದೆ ಅನ್ನಿಸುತ್ತದೆ.

ಪವಿತ್ರ ಬೈಬಲಿನಲ್ಲಿ ರೂತಳ ಕಥೆ ನಿಮಗೆ ಗೊತ್ತು. ಪರದೇಶದವಳು, ವಿಧವೆ, ಹೊಲದಲ್ಲಿ ತೆನೆ ಆಯಲು ಬಂದವಳು. ಕೊಯ್ಲಿನ ಅಂಚನ್ನು ಬಡವರಿಗೆ ಬಿಡಬೇಕೆಂಬುದು ಆಗಲೇ ಇದ್ದ ಕಟ್ಟಳೆ. ಬೋವಜನು ಅದನ್ನು ಪಾಲಿಸಿ ಸುಮ್ಮನಿದ್ದಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಮೂರು ಕೆಲಸ ಹೆಚ್ಚಿಗೆ ಮಾಡಿದ. ಅವಳು ಯಾರೆಂದು ವಿಚಾರಿಸಿದ. ಅವಳು ಅತ್ತೆಗಾಗಿ ಮಾಡಿದ್ದೇನೆಂಬುದು ತನಗೆ ಗೊತ್ತಿದೆ ಎಂದು ಅವಳಿಗೇ ಹೇಳಿದ. ಊಟದ ಹೊತ್ತಿಗೆ ಅವಳನ್ನು ಕರೆದು ಕೊಯ್ಯುವವರ ಪಂಕ್ತಿಯಲ್ಲಿ ಕೂರಿಸಿ, ತಾನೇ ಬಡಿಸಿದ. ಶಾಲು ಇಲ್ಲ, ಹಾರ ಇಲ್ಲ, ಫೋಟೋ ಇಲ್ಲ. ನಮ್ಮ ಕಣದಲ್ಲಿ ಧಾನ್ಯವಿತ್ತು, ಪಂಕ್ತಿ ಇರಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಭಕ್ತರಾದ ಕೆಲವರು ಕೇಳುತ್ತಾರೆ: 'ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಫಾದರ್, ಮತ್ತೆ ಈ ಸನ್ಮಾನವೆಲ್ಲ ಯಾಕೆ?' ಸ್ವಾಮಿ ಆ ಮಾತನ್ನು ಹೇಳಿದ್ದು ಒಳ್ಳೆಯದನ್ನು ಮಾಡುವವನಿಗೆ. ಅವನು ಹೊಗಳಿಕೆಗೆ ಕೈ ಚಾಚಬಾರದು. ನೋಡುತ್ತಾ ನಿಂತವರಿಗೆ 'ನೀವೂ ಕಣ್ಣು ಮುಚ್ಚಿಕೊಳ್ಳಿ' ಎಂದು ಅವರು ಹೇಳಲಿಲ್ಲ. ಅವರೇ ದೇವಾಲಯದಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯನ್ನು ಗಮನಿಸಿ, ಶಿಷ್ಯರನ್ನು ಕರೆದು ತೋರಿಸಿದರು. ವಿನಯವು ದುಡಿದವರ ಗುಣ. ದುಡಿಸಿಕೊಂಡವರು ಅದನ್ನು ನೆಪ ಮಾಡಿಕೊಳ್ಳಬಾರದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸುಗ್ಗಿಯ ಕೃತಜ್ಞತಾ ಪೂಜೆಯ ದಿನ ಯಾರನ್ನು ಗೌರವಿಸೋಣ ಎಂಬ ಮಾತು ಬಂದಾಗ, ಕೂಲಿ ಮಾಡುವ ಒಬ್ಬ ವಯಸ್ಸಾದ ತಾಯಿ ಎದ್ದು ನಿಂತು ಕೇಳಿದರು: "ಫಾದರ್, ಶಾಲು ಹೊದಸಾಕ ಕರದ್ರ ಆ ದಿನದ ಕೂಲಿ ಯಾರ್ ಕೊಡ್ತಾರ್ರೀ?" ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕು, "ಏ ಯಮ್ಮಾ, ಸನ್ಮಾನಕ್ಕೂ ಕೂಲಿ ಕೇಳ್ತೀಯೇನು?" ಎಂದರು. "ಸನ್ಮಾನ ನಿಮ್ದು, ದಿನ ನಂದ್ರೀ ಯಣ್ಣಾ" ಎಂದು ಆಕೆ ಕುಳಿತುಕೊಂಡರು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಆಕೆ ಕೇಳಿದ್ದು ಸರಿಯಾದ ಪ್ರಶ್ನೆ.

ಕೂಲಿ ಬಾಕಿ ಇಟ್ಟುಕೊಂಡವನು ಹೊದಿಸಿದ ಶಾಲಿನಲ್ಲಿ ಯಾವ ಬಿಸುಪಿದೆ? ಸಂತ ಯಕೋಬರು ತಮ್ಮ ಪತ್ರದ ಐದನೆಯ ಅಧ್ಯಾಯದಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟಿದೆ ಎಂದು ಎಚ್ಚರಿಸಿದ್ದಾರೆ. ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಎಂಬುದು ನಮ್ಮ ಹೊಲಗಳಲ್ಲಿ ಇಂದಿಗೂ ಕಂಡುಬರುವ ಸಂಗತಿ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿತ್ತು. ಇದನ್ನು ಕೇಳಿದರೆ 'ಗಂಡಸಿನ ಕೆಲಸ ಭಾರ' ಎನ್ನುತ್ತಾರೆ. ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲುವುದು ಹಗುರ ಎಂದು ಹೇಳುವವರು ಒಂದು ಮಧ್ಯಾಹ್ನ ಬಗ್ಗಿ ನೋಡಲಿ. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ರಾಜ್ಯಕ್ಕೆ ಬಂದಾಗ ಮೊದಲ ಹಂತದ ಐದು ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಅದರ ಲೋಪಗಳ ಬಗ್ಗೆ ಬೇಕಾದಷ್ಟು ಟೀಕೆ ಬಂತು, ಕೆಲವು ನಿಜವೂ ಹೌದು. ಆದರೆ ಆ ಯೋಜನೆಯಲ್ಲಿ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಇತ್ತು. ಜಾಬ್ ಕಾರ್ಡಿನಲ್ಲಿ ಅವಳ ಹೆಸರಿತ್ತು, ಭಾವಚಿತ್ರವಿತ್ತು. ಪಹಣಿಯಲ್ಲಿ ಎಂದೂ ಕಾಣದ ಹೆಸರು ಹಾಜರಿ ಪಟ್ಟಿಯಲ್ಲಿ ಕಂಡಿತು. ಗುರುತಿಸುವುದು ಎಂದರೆ ಇದೂ ಹೌದು ಎಂದು ನನ್ನ ಭಾವನೆ. ಅನೇಕ ಶಾಲುಗಳಿಗಿಂತ ಹೆಚ್ಚು.

ಹಾಗಾದರೆ ಕೂಲಿ ಸರಿಯಾಗಿ ಕೊಟ್ಟರೆ ಸಾಕು, ಗೌರವ ಬೇಡವೇ? ಹಾಗೂ ಅಲ್ಲ. ಬ್ಯಾಂಕಿನಿಂದ ಹಣ ಕೊಟ್ಟು 'ಲೆಕ್ಕ ಮುಗಿಯಿತು' ಎನ್ನುವುದು ವ್ಯಾಪಾರ. ಒಂದೇ ಊರಿನಲ್ಲಿ ಹುಟ್ಟಿ ಅದೇ ಮಣ್ಣಿಗೆ ಸೇರುವ ಜನರ ನಡುವೆ ಲೆಕ್ಕ ಹಾಗೆ ಮುಗಿಯುವುದಿಲ್ಲ. ಸತ್ಯ ಬಾಯಿಂದ ಬರಬೇಕು, ಹೆಸರು ಹಿಡಿದು ಬರಬೇಕು. ಕೂಲಿ ಇಲ್ಲದ ಗೌರವ ಮೋಸ. ಗೌರವವಿಲ್ಲದ ಕೂಲಿಯಲ್ಲಿ ಮನುಷ್ಯ ಬಾಡಿಗೆ ಯಂತ್ರವಾಗುತ್ತಾನೆ. ಮೊದಲು ಬರಬೇಕಾದದ್ದು ಕೂಲಿ. ಇದರಲ್ಲಿ ಸಂಶಯ ಬೇಡ.

ನಮ್ಮ ಧರ್ಮಸಭೆಯಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. 1622ರ ಮಾರ್ಚ್ 12ರಂದು ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ಐವರನ್ನು ಸಂತರೆಂದು ಸಾರಿದರು. ಇಗ್ನೇಷಿಯಸ್ ಲೊಯೊಲ, ಫ್ರಾನ್ಸಿಸ್ ಕ್ಸೇವಿಯರ್, ಆವಿಲಾದ ತೆರೇಸ, ಫಿಲಿಪ್ ನೇರಿ ಈ ನಾಲ್ವರು ಸಂಸ್ಥೆಗಳನ್ನು ಕಟ್ಟಿದವರು, ಪುಸ್ತಕ ಬರೆದವರು, ದೇಶಾಂತರ ಹೋದವರು. ಐದನೆಯವರು ಇಸಿದೋರ್, ಮಾಡ್ರಿಡ್ ಬಳಿ ಹ್ವಾನ್ ದೆ ವರ್ಗಾಸ್ ಎಂಬ ಯಜಮಾನನ ಹೊಲದಲ್ಲಿ ದುಡಿದ ಕೂಲಿಯಾಳು. ಆತ ಬೆಳಿಗ್ಗೆ ಬಲಿಪೂಜೆಗೆ ಹೋಗಿ ತಡವಾಗಿ ಹೊಲಕ್ಕೆ ಬರುತ್ತಾನೆಂದು ಜೊತೆಯವರು ದೂರಿದರಂತೆ. ಯಜಮಾನ ಬಂದು ನೋಡಿದರೆ ದೇವದೂತರು ನೇಗಿಲು ಹಿಡಿದಿದ್ದರು ಎಂಬ ಐತಿಹ್ಯವಿದೆ. ಮೇ 15 ಆ ಸಂತರ ಹಬ್ಬ. 1960ರಲ್ಲಿ ಇಪ್ಪತ್ತಮೂರನೆಯ ಜಾನರು ಇವರನ್ನು ಸ್ಪೇನಿನ ರೈತರ ಪಾಲಕ ಸಂತರೆಂದು ಘೋಷಿಸಿದರು. ಸ್ವಂತಕ್ಕೆ ಒಂದು ಗುಂಟೆ ಇಲ್ಲದವರು ರೈತರ ಪಾಲಕರಾದರು! ಇಂದು ನಮ್ಮ ಜಿಲ್ಲೆಯಲ್ಲಿದ್ದಿದ್ದರೆ 'ಪಹಣಿ ತಂದಿದ್ದೀರಾ?' ಎಂದು ಅವರನ್ನೂ ಕೇಳುತ್ತಿದ್ದರೇನೋ. ಅವರ ಪತ್ನಿ ಮರಿಯ ದೆ ಲಾ ಕಬೇಸಾ ಅವರೂ ದುಡಿದು ಬದುಕಿದವರೇ. ಆ ತಾಯಿಯನ್ನು ಧನ್ಯರೆಂದು ಸಾರಿದ್ದು 1697ರಲ್ಲಿ, ಗಂಡ ಸಂತರಾದ ಎಪ್ಪತ್ತೈದು ವರ್ಷಗಳ ಮೇಲೆ. ಹೆಂಗಸರ ಸರದಿ ಅಲ್ಲಿಯೂ ತಡವಾಗಿಯೇ ಬಂತು ಎಂದು ನಮ್ಮ ಸ್ತ್ರೀ ಸಂಘದವರು ಹೇಳಿದರೆ ನನ್ನಲ್ಲಿ ಉತ್ತರವಿಲ್ಲ.

ನಮ್ಮ ರಾಜ್ಯದಲ್ಲೇ ನೋಡುವುದಾದರೆ, 2022ರಲ್ಲಿ ದಕ್ಷಿಣ ಕನ್ನಡದ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂತು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಮಾಡುತ್ತಿದ್ದವರು. ಸಿಕ್ಕ ಎರಡು ಎಕರೆ ಗುಡ್ಡದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಕೊರೆದರು. ಐದು ಸುರಂಗಗಳು ವ್ಯರ್ಥವಾಗಿ ಆರನೆಯದರಲ್ಲಿ ನೀರು ಬಂತು. ಅಂಥವರನ್ನು ದೇಶ ಗುರುತಿಸಿತಲ್ಲ ಎಂದು ಸಂತೋಷವಾಗುತ್ತದೆ. ಜೊತೆಗೇ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಅವರು ಜೀವನವೆಲ್ಲಾ ಬೇರೆಯವರ ಮರ ಹತ್ತುತ್ತಲೇ ಇದ್ದಿದ್ದರೆ, ಅಷ್ಟೇ ಶ್ರಮ, ಅಷ್ಟೇ ಸಹನೆ ಇದ್ದರೂ, ಆ ಹೆಸರು ನಮಗೆ ತಿಳಿಯುತ್ತಿತ್ತೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಮಾನ್ವಿ, ಸಿಂಧನೂರು, ರಾಯಚೂರಿನ ಮನೆಗಳಲ್ಲಿ ನಿದ್ದೆ ಹಾರಿತ್ತು. ನಾಟಿ ಮಾಡಿದ ಗದ್ದೆಗೆ ನೀರೆಲ್ಲಿ? ಒಂದು ವಾರದೊಳಗೆ ಹರಿಯುವ ನೀರಿನ ಮೇಲೆಯೇ ಸ್ಟಾಪ್‌ಲಾಗ್ ಇಳಿಸಿ ಬಾಗಿಲು ಮುಚ್ಚಲಾಯಿತು. ಮುಂದೆ ನಿಂತು ದಾರಿ ತೋರಿದ ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂತು, ಬರಬೇಕಾದದ್ದೇ. ಆ ಭೋರ್ಗರೆವ ನೀರಿನ ಮೇಲೆ ನಿಂತು ಕಬ್ಬಿಣ ಕೂಡಿಸಿದ ಕಾರ್ಮಿಕರಲ್ಲಿ ಒಬ್ಬರ ಹೆಸರಾದರೂ ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಆ ವರ್ಷ ನೆಲ್ಲು ಮನೆಗೆ ತಂದ ನಾವೆಲ್ಲರೂ ಅವರ ಋಣದಲ್ಲಿದ್ದೇವೆ.

ಈ ಮಾತುಗಳನ್ನು ಸಮಾರಂಭಕ್ಕೆ ಮಾತ್ರ ಸೀಮಿತ ಮಾಡಬೇಡಿ. ನಮ್ಮ ಮನೆಗಳಲ್ಲಿ ಮಕ್ಕಳು ಕಲಿಯುವುದು ಊಟದ ಹೊತ್ತಿನಲ್ಲಿ. ಹೊಲಕ್ಕೆ ಬಂದ ಆಳನ್ನು ಅಪ್ಪ 'ಲೇ' ಎಂದು ಕರೆದರೆ ಎಂಟು ವರ್ಷದ ಮಗನೂ ಅರವತ್ತರ ಮುದುಕನನ್ನು 'ಲೇ' ಎನ್ನುತ್ತಾನೆ. ತಾಯಿ ಬೇರೆ ಲೋಟ ಇಟ್ಟರೆ ಮಗಳು ಕಾರಣ ಕೇಳದೆಯೇ ಕಲಿತುಬಿಡುತ್ತಾಳೆ. ಭಾನುವಾರ ಒಂದೇ ಪೀಠದ ಮುಂದೆ ಒಂದೇ ಪರಮಪ್ರಸಾದ ಸ್ವೀಕರಿಸಿ, ಸೋಮವಾರ ಹೊಲದ ಬದುವಿನ ಮೇಲೆ ಬೇರೆ ಲೋಟ ಇಡುವ ಮನೆ ನಮ್ಮಲ್ಲಿ ಒಂದೂ ಇಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಬಲಿಪೂಜೆಯ ಕಾಣಿಕೆಯ ಹೊತ್ತಿನಲ್ಲಿ ಗುರು ರೊಟ್ಟಿಯನ್ನು ಎತ್ತಿ ಹಿಡಿದು ಅದರಲ್ಲಿ ಭೂಮಿಯ ಪಾಲಿದೆ, ಮನುಷ್ಯರ ಕೈಗಳ ಪಾಲಿದೆ ಎಂದು ದೇವರಿಗೆ ಒಪ್ಪಿಸುತ್ತಾನೆ. ಆ ಕೈಗಳು ಯಾರವು ಎಂದು ಆ ಪ್ರಾರ್ಥನೆ ಹೇಳುವುದಿಲ್ಲ. ಅದನ್ನು ತಿಳಿದುಕೊಳ್ಳುವ ಕೆಲಸ ಊರಿನವರಿಗೆ ಬಿಟ್ಟದ್ದು.

ವಿಶ್ವಸಂಸ್ಥೆ 2026ನೆಯ ಇಸವಿಯನ್ನು ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಭಾಷಣಗಳಿಗೇನೂ ಕೊರತೆ ಆಗಲಾರದು. ನಮ್ಮ ಸಣ್ಣ ಸಭೆಯಲ್ಲಿ ಬಂದ ತೀರ್ಮಾನ ಇಷ್ಟೇ: ಕೃತಜ್ಞತಾ ಪೂಜೆಯ ಹಿಂದಿನ ಭಾನುವಾರದೊಳಗೆ ಎಲ್ಲರ ಕೂಲಿ ಬಾಕಿ ತೀರಿಸಬೇಕು. ಕಾರ್ಯಕ್ರಮ ಕೆಲಸದ ದಿನ ಬೇಡ, ಭಾನುವಾರವೇ ಇರಲಿ. ಶಾಲು ಬೇಡ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟ. ನಾಟಿಗೆ, ಕಸಕ್ಕೆ, ಹತ್ತಿ ಬಿಡಿಸಲು ಬಂದವರ, ನೀರು ಬಿಟ್ಟವರ ಹೆಸರುಗಳನ್ನು ಪೂಜೆಯಲ್ಲಿ ಒಂದೊಂದಾಗಿ ಓದಬೇಕು. ಅವರು ಯಾವ ಜಾತಿ, ಯಾವ ಧರ್ಮದವರೇ ಆಗಿರಲಿ. ಶಾಲಿನ ವಿಷಯದಲ್ಲಿ ಇಬ್ಬರು ಹಿರಿಯರು ಇನ್ನೂ ಒಪ್ಪಿಲ್ಲ, ಅವರ ಜೊತೆ ಮಾತು ನಡೆದಿದೆ.

ಹೆಸರು ಬರೆದುಕೊಳ್ಳುವ ಕೆಲಸವನ್ನು ಹುಡುಗ ಹುಡುಗಿಯರಿಗೆ ಒಪ್ಪಿಸಿದ್ದೇವೆ. ಸುಲಭವೆಂದು ಹೊರಟವರಿಗೆ ಈಗ ಗೊತ್ತಾಗುತ್ತಿದೆ. ಅನೇಕ ತಾಯಂದಿರಿಗೆ ಆಧಾರ್ ಚೀಟಿಯಲ್ಲಿ ಒಂದು ಹೆಸರು, ತವರಿನಲ್ಲಿ ಒಂದು, ಹೊಲದಲ್ಲಿ 'ಇಂಥವನ ಹೆಂಡ್ತಿ', 'ಇಂಥವನ ತಾಯಿ'. ಯಾವುದನ್ನು ಬರೆಯಲಿ ಎಂದು ಮಕ್ಕಳು ನನ್ನನ್ನು ಕೇಳಿದರು. ಹೋಗಿ ಅವರನ್ನೇ ಕೇಳಿ ಎಂದು ಕಳಿಸಿದ್ದೇನೆ.